ಗಿನಿ ಪಿಗ್ ಉಸಿರಾಟದಲ್ಲಿ ಪಾರಿವಾಳದ ಥರ ಸದ್ದು: ಶೀತ ಅಂತ ಎರಡು ಸಲ ಔಷಧಿ ಆಯ್ತು, ಗುಣ ಇಲ್ಲ

ಗುಂಡನ ಅಮ್ಮ, ಮೈಸೂರು | ಭಾನುವಾರ ರಾತ್ರಿ 10:40

ನಮಸ್ಕಾರ ಎಲ್ಲರಿಗೂ. ನಮ್ಮನೇಲಿ ಎರಡು ಗಂಡು ಗಿನಿ ಪಿಗ್ ಇವೆ. ಗುಂಡನಿಗೆ ನಾಲ್ಕು ವರ್ಷ ತುಂಬಿದೆ, ಕಡ್ಲೆಗೆ ಎರಡೂವರೆ. ಒಂದೂವರೆ ತಿಂಗಳಿಂದ ಗುಂಡನ ಉಸಿರಾಟ ಸರಿಯಿಲ್ಲ. ಸುಮ್ನೆ ಕೂತಾಗಲೂ ಪಕ್ಕೆಗಳು ಜೋರಾಗಿ ಏರಿಳೀತಿರ್ತವೆ. ರಾತ್ರಿ ಮನೆ ನಿಶ್ಶಬ್ದ ಆದ್ಮೇಲೆ ಪಾರಿವಾಳ ಗುಟುರು ಹಾಕೋ ಥರ ಸಣ್ಣಗೆ "ಹುಕ್ ಹುಕ್" ಅಂತ ಸದ್ದು ಬರುತ್ತೆ. ಹತ್ತು ನಿಮಿಷ ಇರುತ್ತೆ, ನಿಲ್ಲುತ್ತೆ, ಮತ್ತೆ ಶುರು. ಮೂಗು ಒಣಗಿದೆ, ಸಿಂಬಳ ಇಲ್ಲ, ಸೀನೂ ಇಲ್ಲ.

ಹತ್ತಿರದ ಕ್ಲಿನಿಕ್‌ನಲ್ಲಿ ತೋರಿಸಿದ್ವಿ. ಶೀತ, ಎದೇಲಿ ಇನ್ಫೆಕ್ಷನ್ ಅಂದ್ರು. ಒಂದು ಇಂಜೆಕ್ಷನ್ ಕೊಟ್ಟು ಏಳು ದಿನಕ್ಕೆ ಎನ್ರೋಫ್ಲಾಕ್ಸಾಸಿನ್ ಅನ್ನೋ ಆಂಟಿಬಯೋಟಿಕ್ ಬರೆದ್ರು. ಅವತ್ತು ರಾತ್ರಿ ಎಷ್ಟು ಚೆನ್ನಾಗಿದ್ದ ಅಂದ್ರೆ, ಕೊತ್ತಂಬರಿ ಕವರ್ ಸದ್ದು ಕೇಳಿ ಮೊದಲಿನ ಹಾಗೆ "ವೀಕ್ ವೀಕ್" ಅಂತ ಕೂಗಿದ. ಮಾರನೇ ದಿನ ಸಂಜೆಗೆ ಮತ್ತೆ ಅದೇ ಕಥೆ. ಕೋರ್ಸ್ ಮುಗಿಸಿ ಮತ್ತೆ ಹೋದ್ವಿ, ಈ ಸಲ ಹತ್ತು ದಿನ ಡಾಕ್ಸಿಸೈಕ್ಲಿನ್, ಅದೂ ಆಂಟಿಬಯೋಟಿಕ್ಕೇ. ಏನೂ ಬದಲಾಗ್ಲಿಲ್ಲ. ಈಗ ಓಡಾಡೋದನ್ನೇ ಬಿಟ್ಟಿದಾನೆ, ಮೂಲೇಲಿ ಕೂದಲು ಉಬ್ಬಿಸ್ಕೊಂಡು ಕೂತಿರ್ತಾನೆ. ಯಾರಿಗಾದ್ರೂ ಹೀಗೆ ಆಗಿದೆಯಾ?

ಕೋಡುಬಳೆ | ಭಾನುವಾರ ರಾತ್ರಿ 10:52

ತಿಂತಿದಾನಾ? ತೂಕ ಎಷ್ಟು? ಗೂಡಿಗೆ ಕೆಳಗೆ ಏನು ಹಾಸಿದೀರ? ಮೊದಲು ಈ ಮೂರು ಹೇಳಿ ಮೇಡಂ.

ತುಂಗಾತೀರ | ಭಾನುವಾರ ರಾತ್ರಿ 11:05

ಮಳೆ ಶುರುವಾದ ಮೇಲೆ ಎಲ್ಲಾ ಪ್ರಾಣಿಗೂ ಇದೇ ಆಗೋದು. ಸೌತೆಕಾಯಿ ಕೊಡ್ತಿದ್ರೆ ನಿಲ್ಸಿ, ಅದು ತಂಪು. ದೊಡ್ಡಪತ್ರೆ ರಸ, ತುಳಸಿ ರಸ ಎರಡೆರಡು ತೊಟ್ಟು ಬಾಯಿಗೆ ಬಿಡಿ. ರಾತ್ರಿ ಗೂಡಿನ ಹತ್ರ ಬಿಸಿನೀರಲ್ಲಿ ವಿಕ್ಸ್ ಹಾಕಿ ಇಟ್ರೆ ಕಫ ಕರಗುತ್ತೆ. ನಮ್ಮ ಮಕ್ಕಳಿಗೆಲ್ಲಾ ಹೀಗೇ ಮಾಡಿರೋದು.

ಕುಡ್ಲದ ಕಿರಣ | ಭಾನುವಾರ ರಾತ್ರಿ 11:11

ವಿಕ್ಸ್ ಮಾತ್ರ ಬೇಡ ಮಾರಾಯ್ರೆ! ಅದರಲ್ಲಿ ಕರ್ಪೂರ, ಮೆಂಥಾಲ್ ಎಲ್ಲ ಉಂಟು. ಒಂದು ಕಿಲೋ ಇಲ್ಲದ ಪ್ರಾಣಿಯ ಮೂಗಿಗೆ ಅದು ಉರಿ. ಹಬೆಯೂ ಡೇಂಜರ್. ಇವುಗಳಿಗೆ ಬೇಕಾದದ್ದು 18ರಿಂದ 24 ಡಿಗ್ರಿ. 27-28 ದಾಟಿದರೆ ಕಷ್ಟ ಶುರು, 30 ದಾಟಿದರೆ ಸೆಕೆಗೇ ಸಾಯ್ತವೆ. ನಮ್ಮಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ನಾನು ಪಡುವ ಪಾಡು ನನಗೇ ಗೊತ್ತು. ಬಾಟಲಿಯಲ್ಲಿ ನೀರು ಐಸ್ ಮಾಡಿ, ಬಟ್ಟೆ ಸುತ್ತಿ, ಗೂಡಿನ ಒಂದು ಬದಿಗೆ ಇಡ್ತೇನೆ. ಉಸಿರಿಗೆ ಒದ್ದಾಡುವ ಪ್ರಾಣಿಗೆ ನೀವು ಬಿಸಿ ಹಬೆ ಕೊಟ್ಟರೆ ಅದು ಎಲ್ಲಿಗೆ ಹೋಗಬೇಕು ಹೇಳಿ?

ಬಾಯಿಗೆ ರಸ ಬಿಡುವುದೂ ಬೇಡ. ಏದುಸಿರು ಬಿಡುವಾಗ ಒಂದು ತೊಟ್ಟು ಶ್ವಾಸಕೋಶಕ್ಕೆ ಹೋದರೆ ಅದೇ ನ್ಯುಮೋನಿಯಾ.

ತುಂಗಾತೀರ | ಭಾನುವಾರ ರಾತ್ರಿ 11:15

ಒಳ್ಳೇದಕ್ಕೇ ಹೇಳಿದ್ದು. ಸೌತೆಕಾಯಿ ವಿಷ್ಯ ಆದ್ರೂ ಸರಿ ಅಲ್ವಾ?

ಕುಡ್ಲದ ಕಿರಣ | ಭಾನುವಾರ ರಾತ್ರಿ 11:17

ಅದೂ ಅಲ್ಲ. ಸೌತೆಯಿಂದ ಯಾವ ಗಿನಿ ಪಿಗ್‌ಗೂ ಶೀತ ಬರುವುದಿಲ್ಲ. ಇವಕ್ಕೆ ಬರುವುದು ಹೆಚ್ಚಾಗಿ ಬ್ಯಾಕ್ಟೀರಿಯಾ.

ಫೇಡೆ ಊರಿನವ್ರು, ಧಾರವಾಡ | ಭಾನುವಾರ ರಾತ್ರಿ 11:34

ಅಕ್ಕಾರ, ಒಂದು ಮಾತ ಕೈಮುಗದು ಹೇಳ್ತೀನ್ರಿ. ಏನರ ಆಗ್ಲಿ, ಮನ್ಯಾಗ ಇರೋ ಮಕ್ಕಳ ಆಂಟಿಬಯೋಟಿಕ್ ಹಾಕಬ್ಯಾಡ್ರಿ. ಎರಡು ವರ್ಷದ ಹಿಂದ ನಮ್ಮ ಮಗಳ ಗಿನಿ ಪಿಗ್ಗಿಗೆ ಮೂಗು ಸೋರಾಕ ಹತ್ತಿತ್ತು. ಆದಿತ್ಯವಾರ ಇತ್ತು, ಡಾಕ್ಟ್ರು ಯಾರೂ ಸಿಗಲಿಲ್ಲ. ಮಗಳಿಗೆ ಬರದ ಅಮಾಕ್ಸಿಸಿಲಿನ್ ಸಿರಪ್ ಇತ್ತು, ನಾನs ಅರ್ಧಾ ಎಮ್ಮೆಲ್ ಹಾಕಿದೆ. ಮೂರನೇ ದಿನಕ್ಕ ಭೇದಿ ಶುರುವಾತು, ಐದನೇ ದಿನಕ್ಕ ಹೋತು. ಆಮ್ಯಾಲ ತಿಳೀತು, ಪೆನ್ಸಿಲಿನ್ ಜಾತಿ ಔಷಧ ಈ ಪ್ರಾಣಿ ಹೊಟ್ಟ್ಯಾಗಿನ ಒಳ್ಳೆ ಬ್ಯಾಕ್ಟೀರಿಯಾನೆಲ್ಲಾ ಕೊಲ್ಲತದ, ಕ್ಲಾಸ್ಟ್ರಿಡಿಯಂ ಅನ್ನೋದು ಬೆಳದು ವಿಷ ಬಿಡತದ ಅಂತ. ಆಂಪಿಸಿಲಿನ್, ಕ್ಲಿಂಡಾಮೈಸಿನ್, ಲಿಂಕೋಮೈಸಿನ್, ಎರಿಥ್ರೋಮೈಸಿನ್, ಎಲ್ಲಾ ಹಂಗs ಅಂತ್ರಿ. ಮಗಳು ಇವತ್ತಿಗೂ ಕೇಳ್ತಾಳ, ಅಪ್ಪಾ ಯಾಕ ಹಾಕಿದಿ ಅಂತ.

ಗುಂಡನ ಅಮ್ಮ, ಮೈಸೂರು | ಭಾನುವಾರ ರಾತ್ರಿ 11:50

ಓದಿ ಕರುಳು ಚುರ್ ಅಂತು ಸರ್. ನಿಮ್ಮ ಮಗಳಿಗೆ ಸಮಾಧಾನ ಹೇಳಿ.

ಕೋಡುಬಳೆ ಅವರೇ, ತಿಂತಾನೆ, ಆದ್ರೆ ನಿಧಾನ. ಹುಲ್ಲು ನಾಲ್ಕು ಎಳೆ ತಿಂದು ನಿಲ್ಲಿಸಿ ಸುಧಾರಿಸ್ಕೊಂಡು ಮತ್ತೆ ತಿಂತಾನೆ. ಅಡುಗೆಮನೆ ತಕ್ಕಡೀಲಿ ಈಗ ತಾನೆ ಇಟ್ಟೆ, 912 ಗ್ರಾಂ. ಸಂಕ್ರಾಂತಿ ಹೊತ್ತಿಗೆ 1040 ಇದ್ದ. ಕೆಳಗೆ ಮರದ ಹೊಟ್ಟು ಹಾಕ್ತಿದ್ವಿ, ಹೋದ ತಿಂಗಳಿಂದ ಉಣ್ಣೆ ಬಟ್ಟೆ ಹಾಸ್ತಿದೀವಿ.

ಕೋಡುಬಳೆ | ಭಾನುವಾರ ರಾತ್ರಿ 11:56

130 ಗ್ರಾಂ ಹೋಗಿದೆ ಅಂದ್ರೆ ಮನುಷ್ಯರ ಲೆಕ್ಕದಲ್ಲಿ ಎಂಟೊಂಬತ್ತು ಕಿಲೋ ಇಳಿದ ಹಾಗೆ. ನಾವು ಸಾಕೋರು 50 ಗ್ರಾಂ ಇಳಿದ್ರೆ ಕಣ್ಣಿಡ್ತೀವಿ, 100 ಇಳಿದ್ರೆ ಡಾಕ್ಟರ್ ಹತ್ರ ಓಡ್ತೀವಿ. ಪ್ರತೀ ವಾರ ತೂಕ ನೋಡೋದು ಅಭ್ಯಾಸ ಮಾಡ್ಕೊಳಿ. ಈ ಪ್ರಾಣಿಗಳು ಕಾಯಿಲೆ ಬಚ್ಚಿಡ್ತವೆ, ತಕ್ಕಡಿ ಬಚ್ಚಿಡಲ್ಲ.

ನಿವೃತ್ತ ಪಶುವೈದ್ಯ, ಹಾಸನ | ಸೋಮವಾರ ಬೆಳಗ್ಗೆ 6:20

ನಾನು ಸೇವೆಯಲ್ಲಿದ್ದಷ್ಟು ವರ್ಷವೂ ಹೆಚ್ಚಾಗಿ ದನ, ಎಮ್ಮೆ, ಕುರಿ ನೋಡಿದವನು. ನಿವೃತ್ತಿ ಆದಮೇಲೆ ಮೊಮ್ಮಕ್ಕಳ ದೆಸೆಯಿಂದ ಮನೆಗೆ ಮೂರು ಗಿನಿ ಪಿಗ್ ಬಂದವು, ಅಲ್ಲಿಂದ ಇವುಗಳ ಬಗ್ಗೆ ಓದುತ್ತಾ ಬಂದಿದ್ದೇನೆ. ಪ್ರಾಣಿಯನ್ನು ಕಣ್ಣಾರೆ ನೋಡದೆ ಇದೇ ಕಾಯಿಲೆ ಎಂದು ಹೇಳಲಾರೆ. ಆದರೆ ಅಮ್ಮ, ನೀವು ಬರೆದದ್ದರಲ್ಲಿ ಕೆಲವು ಅಂಶ ನನಗೆ ಶೀತದಂತೆ ಕಾಣುತ್ತಿಲ್ಲ.

ಸೋಂಕಿನ ನ್ಯುಮೋನಿಯಾ ಇದ್ದರೆ ಸಾಮಾನ್ಯವಾಗಿ ಮೂಗು, ಕಣ್ಣಿನಲ್ಲಿ ಅಂಟಂಟು ಕೀವು, ಮುಂಗಾಲಿನ ಒಳಭಾಗದ ಕೂದಲು ಗಂಟುಗಟ್ಟಿರುವುದು (ಮೂಗು ಒರೆಸಿಕೊಂಡು), ಸೀನು, ಎದೆಯಲ್ಲಿ ಒದ್ದೆ ಕರಕರ ಸದ್ದು ಇರುತ್ತದೆ. ಜೋರಾಗಿ ಬರುತ್ತದೆ, ಕೆಲವೇ ದಿನದಲ್ಲಿ ಒಂದೋ ಗುಣ, ಇಲ್ಲವೋ ಸಾವು. ಒಂದೂವರೆ ತಿಂಗಳು ಒಣಮೂಗಿನಲ್ಲಿ ನಿಧಾನಕ್ಕೆ ಬಡವಾಗುತ್ತಾ ಹೋಗುವುದು ಬೇರೆ ನಮೂನೆ. ವಯಸ್ಸು ನಾಲ್ಕು, ತಿನ್ನುವಾಗ ಸುಧಾರಿಸಿಕೊಳ್ಳುವುದು, ಓಡಾಟ ಬಿಟ್ಟಿರುವುದು, ಎರಡು ಆಂಟಿಬಯೋಟಿಕ್‌ಗೂ ಜಗ್ಗದಿರುವುದು, ರಾತ್ರಿ ಗುಟುರು. ಇದನ್ನೆಲ್ಲ ಒಟ್ಟಿಗೆ ನೋಡಿದರೆ ಹೃದಯವನ್ನು ಪರೀಕ್ಷಿಸದೆ ಬಿಡಬಾರದು. ಹೃದಯದ ಸ್ನಾಯು ಸೋತು ಹಿಗ್ಗಿದರೆ ರಕ್ತ ಹಿಂದಕ್ಕೆ ಕಟ್ಟಿಕೊಂಡು ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಹೊರಗಿಂದ ನೋಡುವವರಿಗೆ ಅದೂ ಏದುಸಿರೇ, ನ್ಯುಮೋನಿಯಾವೂ ಏದುಸಿರೇ. ಹಾಗಾಗಿ ಹೃದಯದ ಕಾಯಿಲೆ ಶೀತದ ಹೆಸರಲ್ಲಿ ತಿಂಗಳುಗಟ್ಟಲೆ ಉಳಿದುಬಿಡುತ್ತದೆ. ವಯಸ್ಸಾದವುಗಳಲ್ಲಿ ಶ್ವಾಸಕೋಶದ ಗಡ್ಡೆಯೂ ಬರುತ್ತದೆ, ಅದನ್ನೂ ಎಕ್ಸ್-ರೇ ತೋರಿಸುತ್ತದೆ.

ಇಲ್ಲಿ ಒಂದು ಪ್ರಶ್ನೆ. ಮೊದಲ ದಿನ ಕೊಟ್ಟ ಇಂಜೆಕ್ಷನ್ ಯಾವುದು? ಚೀಟಿ ಇದ್ದರೆ ನೋಡಿ. ಒಂದೇ ದಿನ ಚೇತರಿಸಿಕೊಂಡ ಎಂದಿರಲ್ಲ, ಆಂಟಿಬಯೋಟಿಕ್ ಅಷ್ಟು ಬೇಗ ಕೆಲಸ ಮಾಡಿ, ಕೋರ್ಸ್ ನಡೆಯುತ್ತಿರುವಾಗಲೇ ನಿಂತುಹೋಗುವುದಿಲ್ಲ.

ಇನ್ನೊಂದು. ಗಿನಿ ಪಿಗ್ ಮೂಗಿನಿಂದ ಮಾತ್ರ ಉಸಿರಾಡುವ ಪ್ರಾಣಿ. ಬಾಯಿ ತೆರೆದು ಉಸಿರಾಡಿದರೆ, ತುಟಿ, ಕಿವಿ, ಪಾದದ ಬಣ್ಣ ನೀಲಿಗೆ ತಿರುಗಿದರೆ, ಕತ್ತು ಮುಂದಕ್ಕೆ ಚಾಚಿ ಕೂತರೆ, ಬೆಳಗಾಗುವವರೆಗೆ ಕಾಯಬೇಡಿ.

ಲೆಕ್ಕದ ಮೇಷ್ಟ್ರು | ಸೋಮವಾರ ಬೆಳಗ್ಗೆ 7:45

ಉಸಿರು ಎಣಿಸಿ ಮೇಡಂ. ಅಂದಾಜು ಬೇಡ, ಅಂಕಿ ಬೇಕು. ಅವನು ಮಲಗಿದಾಗ ಮೊಬೈಲಲ್ಲಿ 30 ಸೆಕೆಂಡ್ ವಿಡಿಯೋ ಮಾಡಿ, ಪಕ್ಕೆ ಕಾಣೋ ಹಾಗೆ. ಆಮೇಲೆ ಅರ್ಧ ವೇಗದಲ್ಲಿ ಹಾಕಿ ಎಣಿಸಿ. ನೇರವಾಗಿ ಎಣಿಸೋಕೆ ಹೋದ್ರೆ ತಪ್ಪುತ್ತೆ, ಅಷ್ಟು ಬೇಗ ಉಸಿರಾಡ್ತವೆ. ಆರಾಮಾಗಿರೋ ಗಿನಿ ಪಿಗ್ ನಿಮಿಷಕ್ಕೆ 40ರಿಂದ 100ರ ಒಳಗೆ. ಕೈಲಿ ಹಿಡ್ಕೊಂಡು ಎಣಿಸಬೇಡಿ, ಹೆದರಿಕೆಗೇ ಏರುತ್ತೆ. ಹೃದಯದ ಬಡಿತ ಮನೇಲಿ ಎಣಿಸೋ ಮಾತೇ ಇಲ್ಲ, ನಿಮಿಷಕ್ಕೆ 230ರ ಮೇಲೆ ಇರುತ್ತೆ.

ಬಿಸಿಬೇಳೆ ಬಾತ್ | ಸೋಮವಾರ ಬೆಳಗ್ಗೆ 9:10

ತಪ್ಪು ತಿಳ್ಕೋಬೇಡಿ, ಕೇಳಲೇಬೇಕು ಅನ್ನಿಸ್ತು. ಕೆಲವು ನೂರು ರೂಪಾಯಿಗೆ ತರೋ ಪ್ರಾಣಿ. ಎಕ್ಸ್-ರೇ, ಎಕೋ (ಹೃದಯದ ಸ್ಕ್ಯಾನ್) ಅಂತ ಹೋದ್ರೆ ಸಾವಿರಾರು. ಬದುಕೋದೇ ಐದಾರು ವರ್ಷ. ಅಷ್ಟು ಹಿಂಸೆ ಕೊಟ್ಟು ಓಡಾಡಿಸೋದು ಅದಕ್ಕಾ, ನಮ್ಮ ಸಮಾಧಾನಕ್ಕಾ?

ಕೋಡುಬಳೆ | ಸೋಮವಾರ ಬೆಳಗ್ಗೆ 9:18

ತಂದ ಬೆಲೆಗೂ ನೋಡ್ಕೊಳ್ಳೋ ಜವಾಬ್ದಾರಿಗೂ ಏನ್ ಸಂಬಂಧ? ಬೀದಿ ನಾಯಿ ಪುಕ್ಕಟೆ ಸಿಗುತ್ತೆ, ಅದಕ್ಕೆ ಪಾರ್ವೋ ಬಂದ್ರೆ ಬಿಟ್ಬಿಡ್ತೀರಾ?

ಫೇಡೆ ಊರಿನವ್ರು, ಧಾರವಾಡ | ಸೋಮವಾರ ಬೆಳಗ್ಗೆ 9:40

ಅವರು ಕೇಳಿದ್ದರಾಗ ತಪ್ಪಿಲ್ರಿ. ಎಲ್ಲಾರ ಹತ್ರಾನೂ ರೊಕ್ಕ ಇರೂದಿಲ್ಲ. ಆದ್ರ ಹಿಂಸೆ ಅಂದ್ರಲ್ಲ, ಉಸಿರು ಕಟ್ಟಿ ಕುಂದ್ರೂದಕ್ಕಿಂತ ದೊಡ್ಡ ಹಿಂಸೆ ಯಾವುದೈತ್ರಿ? ಎಕೋ ಆಗದಿದ್ರ ಎಕ್ಸ್-ರೇ ಒಂದರ ಮಾಡಿಸಬೇಕು. ಅದೂ ಆಗದಿದ್ರ ಡಾಕ್ಟ್ರ ಮುಂದ ಇಷ್ಟs ರೊಕ್ಕ ಐತಿ, ಇದರಾಗ ಏನ್ ಮಾಡಬಹುದು ಅಂತ ಬಾಯಿ ಬಿಟ್ಟು ಕೇಳಬೇಕು.

ಬಿಸಿಬೇಳೆ ಬಾತ್ | ಸೋಮವಾರ ಬೆಳಗ್ಗೆ 9:47

ಒಪ್ಪಿದೆ. ಹಾಗೆ ಕೇಳಬಹುದು ಅಂತ ಗೊತ್ತಿರ್ಲಿಲ್ಲ.

ಮೊಲದ ಮನೆ | ಸೋಮವಾರ ಬೆಳಗ್ಗೆ 11:30

ನಿಮ್ಮ ಮನೇಲಿ ನಾಯಿ ಅಥ್ವಾ ಮೊಲ ಇದೆಯಾ? ಬೊರ್ಡೆಟೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಮೊಲದ ಮೂಗಲ್ಲಿ ಏನೂ ತೊಂದರೆ ಕೊಡದೆ ಇರುತ್ತೆ, ನಾಯಿಗೆ ಬಂದ್ರೆ ಕೆಮ್ಮು, ಗಿನಿ ಪಿಗ್‌ಗೆ ಬಂದ್ರೆ ಕೊಲ್ಲೋ ನ್ಯುಮೋನಿಯಾ. ನಾನು ಇದು ಗೊತ್ತಿಲ್ಲದೆ ಎರಡನ್ನೂ ಒಂದೇ ಗೂಡಲ್ಲಿ ಇಟ್ಟಿದ್ದೆ. ಅಂಗಡೀಲೂ ಒಟ್ಟಿಗೇ ಇಟ್ಟಿದ್ರು, ನೋಡಿ ಸರಿ ಅಂದ್ಕೊಂಡೆ. ಈಗ ಬೇರೆ ಬೇರೆ ರೂಮು, ಮೊಲ ಮುಟ್ಟಿದ್ಮೇಲೆ ಕೈ ತೊಳೆದೇ ಇವುಗಳ ಹತ್ರ ಹೋಗೋದು.

ಗುಂಡನ ಅಮ್ಮ, ಮೈಸೂರು | ಸೋಮವಾರ ಮಧ್ಯಾಹ್ನ 1:15

ನಾಯಿ ಮೊಲ ಯಾವುದೂ ಇಲ್ಲ. ಕಡ್ಲೆ ಪಕ್ಕದಲ್ಲೇ ಮಲಗ್ತಾನೆ, ಅವನಿಗೆ ಏನೂ ಆಗಿಲ್ಲ.

ಡಾಕ್ಟ್ರೇ, ಚೀಟಿ ಸಿಕ್ತು. ಬೆಳಗ್ಗೆಯಿಂದ ಹುಡುಕಿ, ಕೊನೆಗೆ ತರಕಾರಿ ಚೀಲದ ಬುಡದಲ್ಲಿ ಇತ್ತು. ಅಕ್ಷರ ಅರ್ಥ ಆಗ್ಲಿಲ್ಲ, ಮೆಡಿಕಲ್ ಶಾಪಿನ ಹುಡುಗನಿಗೆ ತೋರಿಸಿದೆ. "ಲ್ಯಾಸಿಕ್ಸ್ ಇಂಜೆಕ್ಷನ್" ಅಂತ ಓದಿದ. ಕೆಳಗೆ ಬೇರೇನೂ ಬರೆದಿಲ್ಲ.

ವಿಡಿಯೋ ಎಣಿಸಿದೆ. ಮಲಗಿದ್ದಾಗ 15 ಸೆಕೆಂಡಿಗೆ 34. ಅಂದ್ರೆ ನಿಮಿಷಕ್ಕೆ 136. ಕಡ್ಲೆದು 15ಕ್ಕೆ 17.

ನಿವೃತ್ತ ಪಶುವೈದ್ಯ, ಹಾಸನ | ಸೋಮವಾರ ಮಧ್ಯಾಹ್ನ 1:32

ಲ್ಯಾಸಿಕ್ಸ್ ಎಂದರೆ ಫ್ಯೂರೋಸೆಮೈಡ್. ದೇಹದಲ್ಲಿ ಕಟ್ಟಿಕೊಂಡ ನೀರನ್ನು ಮೂತ್ರದಲ್ಲಿ ಹೊರಹಾಕುವ ಔಷಧಿ, ಆಂಟಿಬಯೋಟಿಕ್ ಅಲ್ಲ. ಗುಂಡ ಅವತ್ತು ಚೇತರಿಸಿಕೊಂಡದ್ದು ಅದರಿಂದ ಇರಬೇಕು. ಶ್ವಾಸಕೋಶದ ನೀರು ಇಳಿಯಿತು, ಔಷಧಿಯ ಬಲ ಮುಗಿದ ಮೇಲೆ ಮತ್ತೆ ತುಂಬಿತು. ಇದು ದೊಡ್ಡ ಸುಳಿವು ಅಮ್ಮ. ಆ ಚೀಟಿ, ವಿಡಿಯೋ, ತೂಕದ ಲೆಕ್ಕ, ಮೂರನ್ನೂ ಹಿಡಿದು ಸಣ್ಣ ಪ್ರಾಣಿಗಳನ್ನು ನೋಡುವ ವೈದ್ಯರ ಬಳಿ ಇವತ್ತೇ ಹೋಗಿ. ಮೈಸೂರಲ್ಲಿ ಸಿಗದಿದ್ದರೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಮೊದಲು ಫೋನ್ ಮಾಡಿ ವಿಚಾರಿಸಿ.

ಕರೆದುಕೊಂಡು ಹೋಗುವಾಗ ಕಡ್ಲೆಯನ್ನೂ ಜೊತೆಗೆ ಕೂರಿಸಿ, ಹೆದರಿಕೆ ಕಡಿಮೆಯಾಗುತ್ತದೆ. ಹೊಟ್ಟೆ ಖಾಲಿ ಇಡಬೇಡಿ, ಇವುಗಳ ಕರುಳು ಸದಾ ಕೆಲಸ ಮಾಡುತ್ತಿರಬೇಕು, ಡಬ್ಬದಲ್ಲಿ ಹುಲ್ಲು ಹಾಕಿ. ಅಲ್ಲಿ ಯಾರೇ ಆಗಲಿ ಬೆನ್ನ ಮೇಲೆ ಮಲಗಿಸಲು ಹೋದರೆ ಬೇಡ ಎಂದು ಹೇಳಿ. ಎದೆಯಲ್ಲಿ ನೀರಿರುವ ಪ್ರಾಣಿ ಅಂಗಾತ ಮಲಗಿದರೆ ಮೇಜಿನ ಮೇಲೇ ಪ್ರಾಣ ಬಿಡಬಹುದು. ಮೊದಲು ಆಮ್ಲಜನಕ, ಸ್ವಲ್ಪ ಹೊತ್ತು ಸುಧಾರಿಸಲಿ, ಆಮೇಲೆ ಎಕ್ಸ್-ರೇ.

ನಂದಿನಿ ಹಾಲು | ಸೋಮವಾರ ಮಧ್ಯಾಹ್ನ 1:50

ನಮ್ಮ ಅಜ್ಜಿಗೆ ಲ್ಯಾಸಿಕ್ಸ್ ಮಾತ್ರೆ ಕೊಡ್ತಾರೆ, ಮನೇಲಿ ಯಾವಾಗ್ಲೂ ಇರುತ್ತೆ. ನಂದೂ ಒಂದು ಗಿನಿ ಪಿಗ್ ಹೀಗೇ ಉಸಿರು ಬಿಡ್ತಿದೆ. ಕಾಲು ಮಾತ್ರೆ ಕೊಟ್ಟು ನೋಡ್ಲಾ?

ಕುಡ್ಲದ ಕಿರಣ | ಸೋಮವಾರ ಮಧ್ಯಾಹ್ನ 1:52

ಬೇಡ ಬೇಡ ಬೇಡ.

ಲೆಕ್ಕದ ಮೇಷ್ಟ್ರು | ಸೋಮವಾರ ಮಧ್ಯಾಹ್ನ 1:58

ಅಜ್ಜಿ ಮಾತ್ರೆ 40 ಮಿಲಿಗ್ರಾಂ ಇದ್ರೆ ಕಾಲು ಅಂದ್ರೆ 10. ನಿಮ್ಮ ಪ್ರಾಣಿ ಒಂದು ಕಿಲೋ. ಅಜ್ಜಿ 50 ಕಿಲೋ ಅಂತ ಇಟ್ಕೊಳಿ, ಕಿಲೋ ಲೆಕ್ಕದಲ್ಲಿ ಅವರಿಗೆ ಬೀಳೋದು 0.8. ಅದರ ಹನ್ನೆರಡು ಪಟ್ಟು ಕೊಡೋಕೆ ಹೊರಟಿದೀರ. ಅಷ್ಟು ನೀರು ಹೊರಗೆ ಹೋದ್ರೆ ಕಿಡ್ನಿ ಏನಾಗ್ಬೇಕು?

ನಿವೃತ್ತ ಪಶುವೈದ್ಯ, ಹಾಸನ | ಸೋಮವಾರ ಮಧ್ಯಾಹ್ನ 2:05

ಮೇಷ್ಟ್ರ ಲೆಕ್ಕ ಸರಿ. ಅದಲ್ಲದೆ ಏದುಸಿರೆಲ್ಲ ಹೃದಯದ್ದೇ ಆಗಬೇಕಿಲ್ಲ ಮಗಳೇ. ಹೊಟ್ಟೆ ಮುಟ್ಟಿ ನೋಡು, ತಮಟೆಯ ಹಾಗೆ ಬಿಗಿದುಕೊಂಡಿದೆಯಾ? ಹೊಟ್ಟೆ ಉಬ್ಬರಿಸಿದರೆ ಎದೆಗೆ ಜಾಗವಿಲ್ಲದೆ ಏದುಸಿರು ಬರುತ್ತದೆ, ಅದು ಗಂಟೆಗಳ ಲೆಕ್ಕದ ತುರ್ತು. ಹೆಣ್ಣಾ? ಗಬ್ಬವಾ? ಬಿಸಿಲಿಗೆ ಇತ್ತಾ?

ನಂದಿನಿ ಹಾಲು | ಸೋಮವಾರ ಮಧ್ಯಾಹ್ನ 2:21

ಹೆಣ್ಣು. ಹೊಟ್ಟೆ ಮೆತ್ತಗಿದೆ. ಆದ್ರೆ ಬಾಲ್ಕನೀಲಿ ಶೀಟಿನ ಕೆಳಗೆ ಇಟ್ಟಿದ್ವಿ, ಮಧ್ಯಾಹ್ನ ಅಲ್ಲಿ ಬೇಯುತ್ತೆ ಅಂತ ಈಗ ಹೊಳೀತಿದೆ. ಒಳಗೆ ತಂದೆ.

ಕುಡ್ಲದ ಕಿರಣ | ಸೋಮವಾರ ಮಧ್ಯಾಹ್ನ 2:24

ಕಿವಿಗೆ, ಪಾದಕ್ಕೆ ನಲ್ಲಿ ನೀರಿನ ಒದ್ದೆ ಬಟ್ಟೆ ಒತ್ತಿ. ಐಸ್ ನೀರಲ್ಲಿ ಮುಳುಗಿಸಬೇಡಿ. ಫ್ಯಾನ್ ಗಾಳಿ ರೂಮಲ್ಲಿ ಆಡಲಿ, ನೇರ ಮೈಮೇಲೆ ಬೇಡ. ಕುಡಿಯಲು ನೀರು ಎದುರಿಗೆ ಇಡಿ, ಬಾಯಿಗೆ ಹೊಯ್ಯಬೇಡಿ. ಅರ್ಧ ಗಂಟೆಯಲ್ಲಿ ಇಳಿಯದಿದ್ದರೆ ಡಾಕ್ಟರ್.

ನಂದಿನಿ ಹಾಲು | ಸೋಮವಾರ ಮಧ್ಯಾಹ್ನ 3:10

ಉಸಿರು ಇಳಿದಿದೆ. ಈಗ ಗರಿಕೆ ತಿಂತಿದಾಳೆ. ಸಂಜೆ ಡಾಕ್ಟರ್‌ಗೂ ತೋರಿಸ್ತೀನಿ. ತುಂಬಾ ಥ್ಯಾಂಕ್ಸ್ ಅಣ್ಣ.

ಇತಿಹಾಸದ ಹುಚ್ಚ | ಸೋಮವಾರ ಸಂಜೆ 5:00

ಎಲ್ಲರೂ ಗಿನಿ ಪಿಗ್ ಅಂತೀರಲ್ಲ, ನಾವು ಶಾಲೇಲಿ ಗಿನಿಯಿಲಿ ಅಂತ ಓದಿದ್ದು. ಇದು ಹಂದಿಯೂ ಅಲ್ಲ, ಗಿನಿ ದೇಶದ್ದೂ ಅಲ್ಲ, ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳದ್ದು. ಪೆರುವಿನಲ್ಲಿ ಇವತ್ತಿಗೂ ಊಟಕ್ಕೆ ಸಾಕ್ತಾರೆ. ತಂಪು ಬೆಟ್ಟದ ಪ್ರಾಣಿಗೆ ನಮ್ಮ ಬಿಸಿಲು ಯಾಕೆ ಆಗಲ್ಲ ಅಂತ ಇದರಿಂದಲೇ ತಿಳಿಯುತ್ತೆ.

ಮೊಲದ ಮನೆ | ಸೋಮವಾರ ಸಂಜೆ 5:12

ನಮ್ಮ ಓಣಿಯವರೆಲ್ಲಾ ಬಿಳಿ ಇಲಿ ಅಂತಾರೆ. ನಮ್ದು ಕಪ್ಪು!

ಇತಿಹಾಸದ ಹುಚ್ಚ | ಸೋಮವಾರ ಸಂಜೆ 5:20

ಉಸಿರಾಟದ ವಿಷಯಕ್ಕೇ ಸೇರೋ ಇನ್ನೊಂದು ಸಂಗತಿ. 1907ರಲ್ಲಿ ನಾರ್ವೆಯ ಹೋಲ್ಸ್ಟ್ ಮತ್ತು ಫ್ರೋಲಿಚ್ ಅನ್ನೋ ಇಬ್ಬರು ಬೆರಿಬೆರಿ ಕಾಯಿಲೆ ಅಧ್ಯಯನ ಮಾಡೋಕೆ ಇವಕ್ಕೆ ಬರೀ ಧಾನ್ಯ ತಿನ್ನಿಸಿದ್ರು. ಬಂದದ್ದು ಬೆರಿಬೆರಿ ಅಲ್ಲ, ವಿಟಮಿನ್ ಸಿ ಕೊರತೆಯಿಂದ ಬರೋ ಸ್ಕರ್ವಿ. ನಮ್ಮ ಹಾಗೆ ಇವೂ ವಿಟಮಿನ್ ಸಿ ತಾವೇ ತಯಾರಿಸ್ಕೊಳ್ಳಲ್ಲ ಅಂತ ಹೊರಬಂತು. ಅದು ಕಡಿಮೆಯಾದ್ರೆ ರೋಗ ತಡೆಯೋ ಶಕ್ತಿ ಕುಸಿದು ನ್ಯುಮೋನಿಯಾ ಬೇಗ ಹಿಡಿಯುತ್ತೆ. ಅಕ್ಕಿ, ಬ್ರೆಡ್ಡು, ಬಿಸ್ಕತ್ತು ಹಾಕಿ ಸಾಕೋರು ಇದನ್ನ ಗಮನಿಸಬೇಕು.

ಕೋಡುಬಳೆ | ಸೋಮವಾರ ಸಂಜೆ 5:41

ವಿಟಮಿನ್ ಸಿ ಆರೋಗ್ಯವಾಗಿದ್ದಾಗ ಕಿಲೋ ತೂಕಕ್ಕೆ ದಿನಕ್ಕೆ 10ರಿಂದ 30 ಮಿಲಿಗ್ರಾಂ ಬೇಕು, ಕಾಯಿಲೆ ಇದ್ರೆ ಇನ್ನೂ ಜಾಸ್ತಿ. 100 ಗ್ರಾಂ ಕೆಂಪು ದೊಣ್ಣೆ ಮೆಣಸಿನಕಾಯೀಲಿ 120ರ ಆಸುಪಾಸು ಇರುತ್ತೆ, ದಿನಾ ಒಂದು ಹೋಳು ಸಾಕು. ಒಂದು ಚೂರು ಸೀಬೆಹಣ್ಣು, ಕೊತ್ತಂಬರಿ ಸೊಪ್ಪೂ ಒಳ್ಳೇದು. ನೀರಿನ ಬಾಟಲಿಗೆ ಡ್ರಾಪ್ಸ್ ಹಾಕ್ಬೇಡಿ, ಬೆಳಕಿಗೆ ಕೆಟ್ಟುಹೋಗುತ್ತೆ, ರುಚಿ ಬದಲಾಗಿ ನೀರನ್ನೇ ಬಿಡ್ತವೆ. ಈರುಳ್ಳಿ, ಬೆಳ್ಳುಳ್ಳಿ ಮಾತ್ರ ಹತ್ರ ಸುಳಿಯೋದು ಬೇಡ.

ಆಲ್ಪ್ಸ್ ಕನ್ನಡಿಗ, ಜ್ಯೂರಿಕ್ | ಸೋಮವಾರ ರಾತ್ರಿ 8:30

ಇಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಗಿನಿ ಪಿಗ್ ಒಂಟಿಯಾಗಿ ಸಾಕುವ ಹಾಗಿಲ್ಲ, 2008ರಿಂದ ಕಾನೂನೇ ಇದೆ. ಗುಂಡನ ಜೊತೆ ಕಡ್ಲೆ ಇರುವುದು ಒಳ್ಳೆಯದೇ ಆಯಿತು, ಯಾವುದರ ಉಸಿರು ಸರಿಯಿಲ್ಲ ಎಂದು ಹೋಲಿಸಿ ನೋಡಲೂ ಆಯಿತು. ಏನಾಯಿತು ಎಂದು ಬರೆಯಿರಿ, ಕಾಯುತ್ತಿದ್ದೇನೆ.

ಗುಂಡನ ಅಮ್ಮ, ಮೈಸೂರು | ಮಂಗಳವಾರ ರಾತ್ರಿ 9:15

ಎಲ್ಲರಿಗೂ ಒಟ್ಟಿಗೆ ಬರೀತಿದೀನಿ. ಸೋಮವಾರ ಸಂಜೆ ಇಲ್ಲೇ ಒಬ್ಬ ಡಾಕ್ಟರ್ ಸಿಕ್ಕಿದ್ರು. ಗುಂಡನನ್ನ ನೋಡಿದ ತಕ್ಷಣ ಬೇರೇನೂ ಮಾಡದೆ ಗಾಜಿನ ಪೆಟ್ಟಿಗೇಲಿ ಆಮ್ಲಜನಕ ಬಿಟ್ಟು ಕೂರಿಸಿದ್ರು. ನಲವತ್ತು ನಿಮಿಷ. ಅಷ್ಟು ಹೊತ್ತೂ ಕಡ್ಲೆ ಅವನ ಪಕ್ಕದಲ್ಲೇ ಇದ್ದ. ಆಮೇಲೆ ಹೊಟ್ಟೆ ಮೇಲೆ ಮಲಗಿಸಿಕೊಂಡೇ ಒಂದು, ಪಕ್ಕಕ್ಕೆ ತಿರುಗಿಸಿ ಒಂದು, ಎರಡು ಎಕ್ಸ್-ರೇ ತೆಗೆದ್ರು. ಹೃದಯ ದೊಡ್ಡದಾಗಿದೆ. ಎಷ್ಟು ಅಂದ್ರೆ ಶ್ವಾಸನಾಳನ ಮೇಲಕ್ಕೆ ಎತ್ತಿದೆ. ಶ್ವಾಸಕೋಶ ಬೆಳ್ಳಗೆ ಮಸುಕಾಗಿತ್ತು, ನೀರು ಅಂದ್ರು. ಇವತ್ತು ಬೆಂಗಳೂರಿಂದ ಬಂದವರು ಎಕೋ ಮಾಡಿದ್ರು. ಹೃದಯದ ಗೋಡೆ ಹಿಗ್ಗಿ ತೆಳ್ಳಗಾಗಿದೆ, ಒತ್ತೋ ಶಕ್ತಿ ಕಡಿಮೆ. ವಾಸಿ ಆಗೋ ಕಾಯಿಲೆ ಅಲ್ಲ, ಔಷಧಿಯಲ್ಲಿ ಹಿಡಿದಿಡಬಹುದು ಅಂದ್ರು.

ಫ್ಯೂರೋಸೆಮೈಡ್ ಮತ್ತೆ ಹೃದಯಕ್ಕೆ ಒತ್ತೋ ಬಲ ಕೊಡೋ ಪಿಮೊಬೆಂಡಾನ್, ಎರಡೂ ದಿನಕ್ಕೆ ಎರಡು ಸಲ, ಜೀವ ಇರೋವರೆಗೆ. ಎರಡು ವಾರ ಆದ್ಮೇಲೆ ಕಿಡ್ನಿಗೆ ರಕ್ತ ಪರೀಕ್ಷೆ, ಅದು ನೋಡಿ ಮೂರನೇದು ಬೇಕಾ ಅಂತ ಹೇಳ್ತಾರೆ.

ಆ ಎಕ್ಸ್-ರೇ ನೋಡಿದಾಗಿಂದ ಒಂದೇ ಯೋಚನೆ. ಒಂದೂವರೆ ತಿಂಗಳು ನನ್ನ ಕೂಸು ನೀರಲ್ಲಿ ಮುಳುಗಿದ ಹಾಗೆ ಉಸಿರಾಡಿದಾನೆ, ನಾನು ಶೀತ ಅಂತ ಸುಮ್ನಿದ್ದೆ.

ನಿವೃತ್ತ ಪಶುವೈದ್ಯ, ಹಾಸನ | ಮಂಗಳವಾರ ರಾತ್ರಿ 9:40

ನೀವು ಸುಮ್ಮನಿರಲಿಲ್ಲ ಅಮ್ಮ. ಎರಡು ಸಲ ವೈದ್ಯರ ಬಳಿ ಹೋಗಿದ್ದೀರಿ. ತಡವಾಗಿದ್ದರೆ ಅದು ನಮ್ಮ ವೃತ್ತಿಯವರ ಕಡೆಯಿಂದ. ನಮಗೆ ಕಾಲೇಜಿನಲ್ಲಿ ದನ, ಎಮ್ಮೆ, ಕುರಿ, ನಾಯಿಯ ಬಗ್ಗೆ ಹೇಳಿಕೊಟ್ಟಷ್ಟು ಇವುಗಳ ಬಗ್ಗೆ ಹೇಳಿಕೊಡಲಿಲ್ಲ, ಇದನ್ನು ನಾನು ಬೇಸರದಿಂದಲೇ ಹೇಳುತ್ತಿದ್ದೇನೆ.

ಇನ್ನು ಮುಂದೆ: ನೀರು ಹೆಚ್ಚು ಕುಡಿಯುತ್ತಾನೆ, ಹೆಚ್ಚು ಉಚ್ಚೆ ಹೊಯ್ಯುತ್ತಾನೆ. ಹೆದರಿ ನೀರು ಕಡಿಮೆ ಮಾಡಬೇಡಿ. ಬಟ್ಟೆಯನ್ನು ದಿನಕ್ಕೆ ಎರಡು ಸಲ ಬದಲಿಸಿ. ಉಚ್ಚೆಯ ಅಮೋನಿಯಾ ಘಾಟು ಆ ಶ್ವಾಸಕೋಶಕ್ಕೆ ಆಗದು.

ಕೋಡುಬಳೆ | ಮಂಗಳವಾರ ರಾತ್ರಿ 9:58

ನನ್ನ ಹಳೇ ಪಿಗ್ ಪಿಮೊಬೆಂಡಾನ್ ಮೇಲೆ ಹನ್ನೊಂದು ತಿಂಗಳು ಇತ್ತು. ಮಾತ್ರೆ ನಾಯಿ ಅಳತೇದು, ನೀವೇ ಮುರಿದು ಅಂದಾಜು ಮಾಡ್ಬೇಡಿ. ದ್ರವ ಮಾಡಿಕೊಡೋಕೆ ಡಾಕ್ಟರ್‌ನೇ ಕೇಳಿ, ಎಷ್ಟು ದಿನ ಇಡಬಹುದು ಅಂತಲೂ ಕೇಳಿ, ಪ್ರತೀ ಸಲ ಅಲ್ಲಾಡಿಸಿ. ಸೂಜಿ ಇಲ್ಲದ 1 ಎಮ್ಮೆಲ್ ಸಿರಿಂಜು, ಬಾಯಿ ಪಕ್ಕದಿಂದ, ಮುಂದಿನ ಹಲ್ಲಿನ ಹಿಂದೆ ಇರೋ ಸಂದಿಗೆ. ತೊಟ್ಟು ತೊಟ್ಟಾಗಿ, ಅವನು ನುಂಗಿದ್ಮೇಲೆ ಮುಂದಿನದು. ಮೊಬೈಲಲ್ಲಿ ಎರಡು ಅಲಾರಂ. ನಾನು ಮದುವೆ ಮನೆಗೂ ಡಬ್ಬ ತಗೊಂಡು ಹೋಗಿದೀನಿ.

ತುಂಗಾತೀರ | ಮಂಗಳವಾರ ರಾತ್ರಿ 10:20

ವಿಕ್ಸ್ ಹೇಳಿದ್ದಕ್ಕೆ ಮನಸ್ಸಿಗೆ ಕಷ್ಟ ಆಯ್ತು. ನೀವು ಮಾಡಿಲ್ಲ ತಾನೆ? ನಮ್ಮನೇಲಿ ಗಿಳಿ ಇದೆ, ದೇವರ ಮನೆ ಪಕ್ಕದಲ್ಲೇ ಗೂಡು. ಊದುಬತ್ತಿ ಹೊಗೆ ಅದಕ್ಕೂ ಆಗಲ್ವಾ?

ಫೇಡೆ ಊರಿನವ್ರು, ಧಾರವಾಡ | ಮಂಗಳವಾರ ರಾತ್ರಿ 10:33

ಹಕ್ಕಿಗಂತೂ ಆಗೂದs ಇಲ್ರಿ. ಊದಿನಕಡ್ಡಿ, ಲೋಬಾನ, ಸೊಳ್ಳಿಬತ್ತಿ, ಮೆಣಸಿನಕಾಯಿ ಒಗ್ಗರಣಿ ಘಾಟು, ದೀಪಾವಳಿ ಪಟಾಕಿ ಹೊಗಿ, ಇವೆಲ್ಲಾ ಸಣ್ಣ ಶ್ವಾಸಕೋಶಕ್ಕ ಹೊಡೀತಾವ. ನಾವು ಗೂಡು ಅಡಗಿಮನಿ ಕಡೆಯಿಂದ ತಗದು ಪಡಸಾಲಿಗೆ ಇಟ್ಟೇವಿ. ಭತ್ತದ ಹುಲ್ಲು ಹಾಕೂದೂ ಬಿಟ್ಟೇವಿ, ಬರೇ ಧೂಳು. ತೋಟದ ಗರಕಿ ತೊಳದು ಹಾಕ್ತೀವಿ, ಔಷಧ ಹೊಡದ ಕಡೆ ಮುಟ್ಟೂದಿಲ್ಲ.

ತುಂಗಾತೀರ | ಮಂಗಳವಾರ ರಾತ್ರಿ 10:36

ನಾಳೆನೇ ಗೂಡು ಜರುಗಿಸ್ತೀನಿ.

ಗುಂಡನ ಅಮ್ಮ, ಮೈಸೂರು | ಮೂರು ವಾರದ ನಂತರ, ಶನಿವಾರ ರಾತ್ರಿ 9:50

ಕೇಳಿದವರಿಗೆಲ್ಲಾ ಈಗ ಉತ್ತರ. ಮೊದಲ ವಾರ ಕಷ್ಟ ಇತ್ತು, ಎರಡು ದಿನ ತಿನ್ನಲಿಲ್ಲ, ಪೆಲ್ಲೆಟ್ ನೆನೆಸಿ ಸಿರಿಂಜಲ್ಲಿ ತಿನ್ನಿಸಿದ್ವಿ, ರಾತ್ರಿ ಎರಡಕ್ಕೂ ಎದ್ದು. ಈಗ ಮಲಗಿದಾಗ 15 ಸೆಕೆಂಡಿಗೆ 21, 22. ಗುಟುರು ಸದ್ದು ಹನ್ನೆರಡು ದಿನದಿಂದ ಕೇಳಿಲ್ಲ. ತೂಕ 931. ರಕ್ತ ಪರೀಕ್ಷೆ ಚೆನ್ನಾಗಿ ಬಂತು, ಮೂರನೇ ಔಷಧಿ ಸದ್ಯಕ್ಕೆ ಬೇಡ ಅಂದ್ರು. ಮೊದಲಿನ ಹಾಗೆ ಕುಣಿಯಲ್ಲ. ಕಡ್ಲೆ ಓಡಿದ್ರೆ ಇವನು ಎರಡು ಹೆಜ್ಜೆ ಹೋಗಿ ಕೂತು ನೋಡ್ತಾನೆ. ಆದ್ರೆ ಇವತ್ತು ಬೆಳಗ್ಗೆ ಫ್ರಿಜ್ ಬಾಗಿಲು ತೆಗೆದಾಗ ಕೂಗಿದ.

ಕೋಡುಬಳೆ | ಶನಿವಾರ ರಾತ್ರಿ 9:53

ಕಣ್ಣಲ್ಲಿ ನೀರು ಬಂತು ಮೇಡಂ.

ಹೊಸಬ, ಹುಬ್ಬಳ್ಳಿ | ಶನಿವಾರ ರಾತ್ರಿ 10:30

ಎಲ್ಲಾ ಓದಿದ್ನಿರಿ. ನಮ್ಮ ಪಿಗ್ಗಿನ ಕಣ್ಣಾಗ ಮುಂಜಾನೆ ಹಾಲಿನಂಗ ಬೆಳ್ಳಗ ನೀರು ಬರ್ತದ, ಕೈಲೆ ಮುಖಕ್ಕ ಹಚ್ಕೋತದ. ಒಮ್ಮೊಮ್ಮೆ ಸೀನತದ. ಇದೂ ಹೃದಯದ್ದೇನ್ರಿ?

ಗುಂಡನ ಅಮ್ಮ, ಮೈಸೂರು | ಶನಿವಾರ ರಾತ್ರಿ 10:38

ಹೆದರಬೇಡಿ, ಆ ಬಿಳಿ ನೀರು ಅವು ಮುಖ ತೊಳ್ಕೊಳ್ಳೋಕೆ ಅಂತಲೇ ಬರೋದು, ಎರಡೂ ಕಣ್ಣಲ್ಲಿ ಬಂದು ತಕ್ಷಣ ಹೋಗುತ್ತೆ. ಹುಲ್ಲಿನ ಧೂಳಿಗೆ ಒಂದೆರಡು ಸೀನೂ ಬರುತ್ತೆ. ಕಣ್ಣು ಅಂಟಿಕೊಂಡಿದ್ರೆ, ಒಂದೇ ಕಡೆ ಸೋರ್ತಿದ್ರೆ, ಹಳದಿ ಇದ್ರೆ ಮಾತ್ರ ಬೇರೆ. ಮಲಗಿದ್ದಾಗ 15 ಸೆಕೆಂಡಿಗೆ ಎಷ್ಟು ಉಸಿರು? ತೂಕ ಎಷ್ಟಿದೆ? ವಿಡಿಯೋ ಮಾಡಿ ಎಣಿಸಿ ಇಲ್ಲೇ ಹಾಕಿ, ನಾನು ಎದ್ದೇ ಇರ್ತೀನಿ, ಗುಂಡನಿಗೆ 11ಕ್ಕೆ ಔಷಧಿ ಇದೆ.